ಎರಡರಷ್ಟು ದೊಡ್ಡ ಲಾಡು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಹೋದಲ್ಲೆಲ್ಲ ಅವಮಾನ ಸಿಗುತ್ತದೆ. ಶಾಲೆಯಲ್ಲಿ ಕ್ಷೇತ್ರಗಣಿತ ಶುರುವಾಗುವ ಹೊತ್ತಿಗೆ ನಾನು ಅರಸೀಕೆರೆಯ ರೈಲು ಹತ್ತಿ ಓಡಿಹೋಗಿದ್ದೆ. ಊರೂರು ಸುತ್ತಿ ವಾಪಸ್ಸು ಬಂದಾಗ ಚಾಮರಾಜಪೇಟೆಯ ಮದುವೆ ಅಡುಗೆ ಭಟ್ಟರೊಬ್ಬರು, "ಲೆಕ್ಕ ಬರುತ್ತೇನಯ್ಯ?" ಎಂದರು. "ಅಳತೆ ಲೆಕ್ಕವೆಲ್ಲ ಬಾಯಿಪಾಠ" ಎಂದುಬಿಟ್ಟೆ. ಕೆಲಸಕ್ಕೆ ಸೇರಿಸಿಕೊಂಡರು.

ನಡುಮನೆ

ಮಲ್ಲೇಶ್ವರದ ಮನೆಯೊಂದರಲ್ಲಿ ನಿಶ್ಚಿತಾರ್ಥ. ನಡುಮನೆ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಗಲ. ಒಂದು ಎಲೆಗೆ ಎರಡು ಚದರಡಿ. ಗುಣಿಸಿ, ಭಾಗಿಸಿ, "ಒಂದೇ ಪಂಕ್ತಿಗೆ ನೂರ ಇಪ್ಪತ್ತು" ಎಂದೆ. ಎಲೆ ಹಾಸಿದ ಭಟ್ಟರು ಬಾಗಿಲಲ್ಲೇ ನಿಂತು ಕೂಗಿದರು: "ಎಲೆಗಳೆಲ್ಲ ಆರಾಮಾಗಿ ಕೂತಿವೆ ಕಣಯ್ಯ. ಜನ ಎಲ್ಲಿ ಕೂತ್ಕೋಬೇಕು?"

ಕೊಳಗ

ಬಸವನಗುಡಿಯ ಒಂದು ಮದುವೆ. ಹುಳಿ ಬೆಂದ ದೊಡ್ಡ ಕೊಳಗ ಅಡುಗೆಮನೆ ಬಾಗಿಲಲ್ಲಿ ತೂರಲಿಲ್ಲ. "ಅಷ್ಟೇ ಎತ್ತರದ, ಅರ್ಧ ಅಗಲದ ಎರಡು ಕೊಳಗ ಸಾಕು" ಎಂದೆ. ಎರಡೂ ತುಂಬಿದವು, ದೊಡ್ಡದರಲ್ಲಿ ಇನ್ನೂ ಅರ್ಧ ಹುಳಿ ಹಾಗೇ ಇತ್ತು. ಭಟ್ಟರು ಹಲ್ಲು ಕಡಿಯುತ್ತ ಬಚ್ಚಲ ಹಂಡೆ ಉಜ್ಜಿಸಿ, ಗುಟ್ಟಾಗಿ ಅದಕ್ಕೆ ಸುರಿಸಿದರು. ಮಾರನೇ ದಿನ ಮದುಮಗ ಅದೇ ಹಂಡೆಯ ನೀರಲ್ಲಿ ಮಿಂದು ಹಸೆಗೆ ಬಂದಾಗ ಪುರೋಹಿತರು ಮೂಗರಳಿಸಿ, "ಇಂಗು ಒಳ್ಳೇದೇ ಹಾಕಿದಾರೆ" ಎಂದರು.

ಲಾಡು

ಇದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಸಕ್ಕರೆಗೆ ರೇಷನ್ ಇದ್ದ ಕಾಲದ ಒಂದು ಮದುವೆ. ಹುಡುಗಿಯ ತಂದೆ, ಬಡ ಗುಮಾಸ್ತರು, ನೆಂಟರಿಷ್ಟರ ಕಾರ್ಡುಗಳ ಸಕ್ಕರೆ ಕೂಡಿಹಾಕಿ ತಲೆಗೆ ಎರಡರಂತೆ ಎಂಬತ್ತು ಜನಕ್ಕೆ ಲಾಡು ಮಾಡಿಸಬೇಕೆಂದಿದ್ದರು. ಬೀಗರಾಗಲಿದ್ದ ಗಂಡಿನ ತಂದೆ, "ಒಂದೊಂದೇ ಹಾಕಿ, ಆದರೆ ಎರಡರಷ್ಟು ದೊಡ್ಡದಿರಲಿ. ಇಲ್ಲದಿದ್ರೆ ಎಲೆ ಬಿಟ್ಟು ಎದ್ದೇನು" ಎಂದರು.

ಗುಮಾಸ್ತರು ನನ್ನ ಕೈ ಹಿಡಿದುಕೊಂಡು, "ಸಕ್ಕರೆ ಸಾಲುತ್ತೇನಪ್ಪ?" ಎಂದರು.

"ಧಾರಾಳ!" ಎಂದೆ. ಲಾಡುವಿನ ಎರಡರಷ್ಟು ಅಗಲಕ್ಕೆ ಬಿದಿರ ಸಿಬಿರು ಬಗ್ಗಿಸಿ ಉಂಗುರ ಮಾಡಿಕೊಟ್ಟೆ. ಭಟ್ಟರು ಅದರ ಅಳತೆಗೇ ಕಟ್ಟಿದರು. ಇಪ್ಪತ್ತಕ್ಕೆ ಬೂಂದಿ ಖಾಲಿ.

"ಮಿಕ್ಕಿದ್ದೆಲ್ಲಿ ಹೋಯ್ತೋ?" ಎಂದರು ಭಟ್ಟರು.

ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಉದ್ದಕ್ಕೆರಡು, ಅಗಲಕ್ಕೆರಡು, ಎತ್ತರಕ್ಕೆರಡು. ಎಂಟು ಲಾಡು ಒಂದರೊಳಗೇ ಇದೆಯಲ್ಲೋ."

ಭಟ್ಟರು ಎಲ್ಲ ಒಡೆದು ಮತ್ತೆ ಚಿಕ್ಕದಾಗಿ ಕಟ್ಟಿದರು. ಆದರೆ ಒಂದು ಆಗಲೇ ಬೀಗರ ಎಲೆಗೆ ಹೋಗಿಬಿಟ್ಟಿತ್ತು, ತೆಂಗಿನಕಾಯಿಯಂತೆ. ಆ ಕಾಲದಲ್ಲಿ ಸಿಹಿ ಎಲೆಯಲ್ಲಿ ಬಿಡುವ ಹಾಗಿಲ್ಲ. ಹಿರಿಯರು ಏಳದೆ ಪಂಕ್ತಿ ಏಳುವ ಹಾಗೂ ಇಲ್ಲ. ಎಲ್ಲರ ಊಟವಾಯಿತು. ಮಿಕ್ಕ ಎಪ್ಪತ್ತೊಂಬತ್ತು ಜನ ಒಣಗಿದ ಕೈ ಹಿಡಿದು ಬೀಗರ ಮುಖ ನೋಡುತ್ತ ಕೂತರು.

"ಯಾರ್ರೀ ಈ ಲೆಕ್ಕ ಹಾಕಿದ್ದು?" ಬೀಗರು ಗುಡುಗಿದರು.

ನಾನು ಕೊಪ್ಪರಿಗೆಯ ಹಿಂದೆ ಕುಕ್ಕರಿಸಿದೆ. ಗುಮಾಸ್ತರು ನಾನಿದ್ದ ಕಡೆ ನೋಡಲೂ ಇಲ್ಲ. ಕೈ ಮುಗಿದು, "ನಾನೇ. ತಪ್ಪಾಯ್ತು" ಎಂದರು.

ಬೀಗರು ಅವರನ್ನೇ ದಿಟ್ಟಿಸಿದರು. ಆಮೇಲೆ ಇನ್ನೂ ಮುಟ್ಟಿರದ ಲಾಡುವಿನ ಕಡೆ ಕೈ ತೋರಿಸಿ, "ಹಾಗಾದ್ರೆ ಪಕ್ಕಕ್ಕೆ ಎಲೆ ಹಾಕಿಸಿ, ಕೂತ್ಕೊಳ್ಳಿ. ಅರ್ಧ ನಿಮ್ಮದು" ಎಂದರು. ಬೆಳಗಿನಿಂದ ಉಪವಾಸವಿದ್ದ ಗುಮಾಸ್ತರು ಅಳುತ್ತಲೇ ತಿಂದರು. ಇಬ್ಬರಿಗೂ ಬಿಕ್ಕಳಿಕೆ ಶುರುವಾಯಿತು.

"ಹೋಗಿ ನೀರು ಕೊಡೋ, ಮಹಾರಾಯ!" ಎಂದರು ಭಟ್ಟರು.

"ಎಷ್ಟು?"

"ಲೆಕ್ಕ ಹಾಕ್ಬೇಡ! ಬಿಂದಿಗೆ ಎತ್ಕೊಂಡು ಓಡು!"