ಕಬ್ಬಿನ ಹೊಲದ ಬೆಕ್ಕೂ ನಮ್ಮ ಕಾಕಾನೂ

ನಮ್ಮ ಕಾಕಾನಿಗೆ ಸಂಸಾರವಿಲ್ಲ, ಆದರೆ ಅವರ ಕಬ್ಬಿನ ಹೊಲದಲ್ಲಿ ಬಾಣಂತನ ಮಾತ್ರ ತಪ್ಪಿದ್ದಿಲ್ಲ! ಗಾಬರಿಯಾಗಬೇಡಿ, ಬಾಣಂತಿ ಒಂದು ಕಾಡುಬೆಕ್ಕು. ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ, ಸಾಕುಬೆಕ್ಕಿಗಿಂತಲೂ ಚಿಕ್ಕ ಜಾತಿ. ಕಾಕಾ ಹಿರೇಬೆಂಡಿಗೇರಿಯ ಹೊಲದಲ್ಲೇ ಒಂದು ಕೋಣೆ ಕಟ್ಟಿಕೊಂಡು ಒಬ್ಬರೇ ಇದ್ದಾರೆ. ಹಾನಗಲ್ಲಿನಲ್ಲಿರುವ ನನಗೆ ಫೋನು ಮಾಡಿ ಬೆಕ್ಕಿನ ಯೋಗಕ್ಷೇಮ ತಿಳಿಸುತ್ತಾರೆ. ನಾನು ಹೇಗಿದ್ದೇನೆಂದು ಈವರೆಗೆ ಕೇಳಿಲ್ಲ.

ಮನುಷ್ಯರೊಂದಿಗೆ ಅವರಿಗೆ ಮಾತು ಕಡಿಮೆ. ಮದುವೆಗೆ ಬಂದರೆ ಪಂಕ್ತಿಯ ಕೊನೆಯ ಎಲೆಗೆ ಕೂತು, ಯಾರೂ ಗಮನಿಸುವ ಮೊದಲೇ ಉಂಡು ಹೋಗುವವರು. ಅಂಥವರನ್ನು ನನ್ನ ತಂಗಿಯ ಮದುವೆ ಮಾತುಕತೆಗೆ ಹಿರಿಯರೆಂದು ಬಂಕಾಪುರಕ್ಕೆ ಕರೆದೊಯ್ದದ್ದು ನಮ್ಮ ತಪ್ಪೇ! ವರನ ತಂದೆ ಮೀಸೆ ತಿರುವಿ, "ನಮ್ಮದು ಎಲ್ಲಾ ಕಬ್ಬಿನ ಹೊಲಾರೀ" ಎಂದರು. ಅಷ್ಟೊತ್ತು ಸುಮ್ಮನಿದ್ದ ಕಾಕಾ ಥಟ್ಟನೆ ಕೇಳಿದರು:

"ಕಡಿಯೂ ಮುಂದ ರವದಿಗೆ ಬೆಂಕಿ ಹಚ್ತೀರೇನ್ರಿ?"

"ಹೌದ್ರಿ. ಒಣ ಎಲಿ ಎಲ್ಲಾ ಸುಟ್ರ ಕಡಿಯಾಕ ಹಗುರ ಆಕ್ಕೈತಿ."

"ಒಳಗ ಮರಿ ಇದ್ರ?"

"ಯಾರ ಮರೀರಿ?"

"ಈ ಮನಿಗೆ ಹುಡುಗಿ ಕೊಡೂದು ಬ್ಯಾಡ," ಎಂದು ಕಾಕಾ ಎದ್ದೇಬಿಟ್ಟರು, ಅವಲಕ್ಕಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು! ತಂಗಿ ಆಮೇಲೆ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ. ಗಂಡನಿಗೆ ಹೊಲವೇ ಇಲ್ಲ.

ಕಳೆದ ಸುಗ್ಗಿಯಲ್ಲಿ ಕಾಕಾನ ಕಬ್ಬು ಕಡಿಯುವ ದಿನ ನಾನೂ ಹೋಗಿದ್ದೆ. ಮಧ್ಯಾಹ್ನ ಕಡಿಯುವ ಗ್ಯಾಂಗಿನ ಹೆಣ್ಣುಮಗಳೊಬ್ಬಳು, "ಚಿರತಿ ಮರಿ! ಚಿರತಿ ಮರಿ!" ಎಂದು ಕಿರುಚಿದಳು. ರವದಿಯ ಸಂದಿಯಲ್ಲಿ ಚುಕ್ಕೆ ಚುಕ್ಕೆಯ ಎರಡು ಮರಿ. ಅರ್ಧ ಗ್ಯಾಂಗು ಓಡಿತು, ಉಳಿದರ್ಧ ಸೆಲ್ಫಿಗೆ ನಿಂತಿತು! ಹತ್ತಿಮತ್ತೂರಿನಿಂದಲೂ ಬೈಕುಗಳು ಬಂದವು. ಒಬ್ಬ ಎಮ್ಮೆ ಹಾಲು ತಂದ. ಇನ್ನೊಬ್ಬ, "ದೊಡ್ಡ ಬೋನು ತರಸ್ರಿ, ತಾಯಿ ಚಿರತಿ ಇಲ್ಲೇ ಐತಿ" ಎಂದು ಕುಣಿದಾಡಿದ.

"ಅದರ ತಾಯಿ ನಿನ್ನ ಚಪ್ಪಲಿ ಜೋಡಿಗಿಂತ ದೊಡ್ಡದಿಲ್ಲೋ ಮಾರಾಯಾ," ಎಂದರು ಕಾಕಾ. "ಈ ಹಾಲು ಕುಡಿಸಿದ್ರ ಮರಿ ಸಾಯ್ತಾವ. ಊರಿಗೆ ಒಯ್ದ್ರ ತಾಯಿಗೆ ಸಿಗೂದಿಲ್ಲ. ಸಿಕ್ಕಲ್ಲೇ ಇಟ್ಟು ಎಲ್ಲಾರೂ ನಡೀರಿ."

"ಲಾರಿ ಕಾಯಾಕತ್ತೈತ್ರಿ ಯಜಮಾನ್ರ!" ಎಂದ ಗ್ಯಾಂಗಿನ ಮುಖ್ಯಸ್ಥ.

"ಲಾರಿಗೇನು ಹಸಿವಿ ಆಗೈತೇನು?"

ಸವಣೂರಿನ ವೀಳ್ಯದೆಲೆಯ ಹಳೆಯ ಬುಟ್ಟಿಯೊಂದರಲ್ಲಿ ಮರಿಗಳನ್ನಿಟ್ಟು, ಬುಟ್ಟಿಯನ್ನು ಅದೇ ಜಾಗದಲ್ಲಿ ಬಿಟ್ಟು, ಜನರನ್ನೆಲ್ಲ ಬೈದು ಅಟ್ಟಿದರು. ನಾವಿಬ್ಬರು ದೂರದ ಬದುವಿನ ಹಿಂದೆ ಕೂತೆವು.

ಹೊತ್ತು ಮುಳುಗುವಾಗ ತಾಯಿ ಬಂತು! ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಡಿಯದೆ ಉಳಿದಿದ್ದ ಕಬ್ಬಿನೊಳಗೆ ಹೋಯಿತು. ಎರಡನೆಯದಕ್ಕೆ ಎಷ್ಟು ಹೊತ್ತಾದರೂ ಬರಲಿಲ್ಲ. ಮರಿ ಬುಟ್ಟಿಯಲ್ಲಿ ಕೂಗತೊಡಗಿತು. ಕಾಕಾ ಎದ್ದು ಕಬ್ಬಿನತ್ತ ಇಣುಕಿ ಮತ್ತೆ ಕೂತರು.

"ಬರ್ತೈತಿ ತಗೋರಿ ಕಾಕಾ," ಎಂದೆ.

"ನಮ್ಮವ್ವನೂ ಬರ್ತೇನಿ ಅಂದಿದ್ಲು," ಎಂದರು. "ಸಣ್ಣಾವರಿದ್ದಾಗ ನಾನೂ ನಿಮ್ಮಪ್ಪನೂ ಹಿರೇಕೆರೂರಿನ ಅತ್ತಿ ಮನ್ಯಾಗ ಇದ್ವಿ. ನಿಮ್ಮಪ್ಪನ್ನ ಕರಕೊಂಡು ಹೋದ್ಲು. ನಿನ್ನ ಆಮ್ಯಾಲ ಬಂದು ಒಯ್ತೇನಿ ಅಂದ್ಲು. ನಾ ದಿನಾ ಸಂಜೀಕ ಕಟ್ಟಿ ಮ್ಯಾಲ ಕುಂದ್ರತಿದ್ದೆ."

ಮಕ್ಕಳಿಲ್ಲದ ಅತ್ತೆ ಕಾಕಾನನ್ನು ಸಾಕಿಕೊಂಡರು ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಕಾಕಾ ಕಾಯುತ್ತಿದ್ದರೆಂದು ಯಾರೂ ಹೇಳಿರಲಿಲ್ಲ.

ಕಬ್ಬು ಅಲುಗಿತು. ತಾಯಿ ಬಂದು ಎರಡನೆಯ ಮರಿಯನ್ನೂ ಕಚ್ಚಿಕೊಂಡು ಹೋಯಿತು. ಕಾಕಾ ಗಟ್ಟಿಯಾಗಿ ನಕ್ಕರು. ಆಮೇಲೆ ಖಾಲಿ ಬುಟ್ಟಿಯನ್ನೇ ನೋಡುತ್ತ ಕೂತುಬಿಟ್ಟರು.

"ನೀ ನಡಿ ತಮ್ಮಾ, ಕತ್ತಲಾಕ್ಕೈತಿ."

ನಾನು ಅವರ ಕೈ ಹಿಡಿದು ಎಬ್ಬಿಸಿದೆ.

"ನಿಮ್ಮನ್ನ ಕರಕೊಂಡು ಹೋಗಾಕ ಬಂದೇನ್ರಿ ಕಾಕಾ. ನಡೀರಿ, ಮನಿಗೆ ಹೋಗೂನು."