ಒಬ್ಬನೇ ಕೂರಲು ಬಿಡದ ಮೂರು ಊರು

ನಮ್ಮ ಕಡೆ ಮನುಷ್ಯ ಒಬ್ಬನೇ ಸುಮ್ಮನೆ ಕೂತರೆ ನೋಡಿದವರ ಜೀವ ತಡೆಯುವುದಿಲ್ಲ. ಏನೋ ಆಗಿದೆ ಎಂದೇ ಅರ್ಥ. ಹಾಗಾಗಿ ನನಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ.

ನಾನು ತೂಕದ ಯಂತ್ರ ರಿಪೇರಿ ಮಾಡುವವನು. ಮನೆ ಹಾವೇರಿ, ಗಿರಾಕಿಗಳು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆ. ಯಾರು ಫೋನ್ ಮಾಡಿದರೂ "ಈಗ ಬಂದೆ" ಅನ್ನುತ್ತೇನೆ, ರವಿವಾರವೂ ಅದೇ. ಒಂದು ಸೋಮವಾರ ಏಳನೇ ತರಗತಿಯ ಮಗಳು ವಾರದ ಏಳು ಖಾನೆ ಗೆರೆ ಹೊಡೆದ ನೋಟ್‌ಬುಕ್ಕನ್ನು ಕೈಗಿಟ್ಟಳು. ಸಿಟ್ಟು ಬಂದರೆ ಅವಳು ಮನೆಯ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಾಳೆ; ಅಪ್ಪನನ್ನು ಕರೆಯುವ 'ಅಬ್ಬಾ' ಒಂದೇ ಉಳಿಯುತ್ತದೆ.

"ಅಬ್ಬಾ, ಯಾವ ದಿನ ಯಾವ ಊರಂತ ಬರೀರಿ. ರವಿವಾರ ನಮಗ. ಶನಿವಾರದೊಳಗ ತುಂಬಿಸಲಿಲ್ಲಂದ್ರ ನಿಮ್ಮ ಕೂಡ ಮಾತಾಡಂಗಿಲ್ಲ."

ಮಗಳು ಮಾತು ಬಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಮೂರು ಊರನ್ನು ಆರು ದಿನಕ್ಕೆ ಹೊಂದಿಸಲು ಒಂದು ತಾಸು ಏಕಾಂತ ಸಿಕ್ಕರೆ ಸಾಕಿತ್ತು.

ಹಾವೇರಿ ಸ್ಟೇಷನ್

ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ತೆರೆದೆ. ಹುಬ್ಬಳ್ಳಿಗೆ ಹೊರಟಿದ್ದ ಅಗಡಿಯ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತರು.

"ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ರಿ. ಸುಮ್ಮನ ಕುಂತೇನಿ."

"ಸುಮ್ಮನ? ಮನ್ಯಾಗ ಏನಾರ ಮಾತಿಗೆ ಮಾತು ಬೆಳೀತೇನು?"

ಇಲ್ಲ ಎಂದಷ್ಟೂ ಅವರಿಗೆ ಅನುಮಾನ ಬಲವಾಯಿತು. ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದರು. ತಮ್ಮ ಸಂಸಾರದ ಜಗಳಗಳನ್ನೆಲ್ಲ ಹೇಳಿದರು. ಅಷ್ಟರಲ್ಲಿ ರೈಲು ಬಂತು, ನಿಂತಿತು, ಹೋಯಿತು.

"ಅಜ್ಜಾರ, ನಿಮ್ಮ ಗಾಡಿ ಹೋತಲ್ರಿ!"

"ಹೋಗ್ಲಿ ಬಿಡ್ರಿ. ನಿಮ್ಮನ್ನ ಒಬ್ಬರನ್ನ ಬಿಟ್ಟು ಹೆಂಗ ಹತ್ತಲಿ?"

ರಾಣೇಬೆನ್ನೂರಿನ ಮಾಳಿಗೆ

ಬೀಜದ ಅಂಗಡಿಯ ಮಾಲೀಕರು ನನ್ನ ಕಷ್ಟ ಕೇಳಿ ಮಾಳಿಗೆಯ ಕೋಣೆ ತೆರೆದುಕೊಟ್ಟರು. "ಒಂದು ತಾಸು ಕುಂದ್ರಿ. ಒಂದು ನೊಣಾನೂ ಬರಾಕ ಬಿಡಂಗಿಲ್ಲ, ನಾ ಬಾಗಲದಾಗ ನಿಂತಿರ್ತೇನಿ."

ಐದು ನಿಮಿಷಕ್ಕೆ ಬಾಗಿಲು ತೆರೆಯಿತು. "ಯಾರಾರ ಬಂದ್ರೇನ್ರಿ?"

"ಇಲ್ರಿ."

ಮತ್ತೆ ಐದು ನಿಮಿಷಕ್ಕೆ ಚಹಾ. ಇನ್ನೈದು ನಿಮಿಷಕ್ಕೆ ಗಿರ್ಮಿಟ್. ಕೊನೆಗೆ ಕುರ್ಚಿ ತಂದು ನನ್ನೆದುರೇ ಹಾಕಿಕೊಂಡರು.

"ಹೊರಗ ನಿಂತ್ರ ಒಳಗ ಯಾರು ಅದಾರಂತ ತಿಳಿಯಂಗಿಲ್ರಿ. ಇಲ್ಲೇ ಕುಂತು ಕಾಯ್ತೇನಿ. ನೀವು ಬರೀರಿ, ನಾ ಮಾತಾಡಂಗಿಲ್ಲ. ಅಂದಂಗ, ಮಗಳು ಎಷ್ಟನೇ ಕ್ಲಾಸಿನ್ಯಾಗ ಅದಾಳ?"

ಬ್ಯಾಡಗಿಯ ಚೀಲಗಳ ಹಿಂದೆ

ಶನಿವಾರ ಮಧ್ಯಾಹ್ನ ಬ್ಯಾಡಗಿಯಲ್ಲಿ ಕಡೆಯ ಪ್ರಯತ್ನ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಹಿಂದೆ ಸೇರಿಕೊಂಡೆ. ಧೂಳಿಗೆ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ತೊಟ್ಟು ಬಿಡಿಸುವ ಅಕ್ಕನೊಬ್ಬಳು ಇಣುಕಿದಳು.

"ಅಯ್ಯ, ಯಾಕ ಅಳಾಕತ್ತೀರಿ ಅಣ್ಣಾರ?"

"ಅಳಾಕತ್ತಿಲ್ಲ ಅಕ್ಕಾ, ಕಾಯಿ ಖಾರ."

ಆಕೆಗೆ ಊರಿನ ಮರ್ಯಾದೆಯೇ ಹೋದಂತಾಯಿತು. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು ಅಣ್ಣಾರ, ಖಾರಕ್ಕಲ್ಲ. ಇದಕ್ಕ ಯಾರೂ ಅಳಂಗಿಲ್ಲ. ಖರೇ ಹೇಳ್ರಿ, ಯಾರು ಹೋದ್ರು?"

ಶನಿವಾರ ಸಂಜೆ

ಖಾಲಿ ನೋಟ್‌ಬುಕ್ಕು ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ಕಾಲಿಡಲಾಗದಷ್ಟು ಚಪ್ಪಲಿ. ನಡೆದದ್ದು ಇಷ್ಟು: ಆ ಅಕ್ಕ ತನ್ನ ಮಾಲೀಕನಿಗೆ ಹೇಳಿದ್ದಳು. ಅವನು ರಾಣೇಬೆನ್ನೂರಿಗೆ ಫೋನ್ ಮಾಡಿದ್ದ. ಬೀಜದ ಮಾಲೀಕರು "ನನ್ನ ಕಡೆನೂ ಹಂಗ ಒಬ್ಬರೇ ಕುಂತಿದ್ರು!" ಎಂದು ಖಾತ್ರಿ ಮಾಡಿದ್ದರು. ಸುದ್ದಿ ಹಾವೇರಿಗೂ ಮುಟ್ಟಿ, ಮೂರೂ ಊರಿನ ಗಿರಾಕಿಗಳು ನಮ್ಮ ಪಡಸಾಲೆಯಲ್ಲಿ ಒತ್ತೊತ್ತಾಗಿ ಕೂತಿದ್ದರು. ಹೆಂಡತಿಯ ಕಣ್ಣು ನನ್ನ ಕಣ್ಣಿಗಿಂತ ಕೆಂಪಾಗಿತ್ತು.

"ಏನೂ ಆಗಿಲ್ರಿ, ವಾರದ ಖಾನೆ ತುಂಬಿಸೋದಿತ್ತು," ಎಂದೆ. ಯಾರೂ ನಂಬಲಿಲ್ಲ. ಮಗಳು ಮಾತ್ರ ನೋಟ್‌ಬುಕ್ ಕಸಿದುಕೊಂಡು ಪೆನ್ಸಿಲ್ ಹಿಡಿದು ನಡುವೆ ನಿಂತಳು. "ಸೋಮವಾರ ಯಾವ ಊರಿಗೆ ಬೇಕ್ರಿ?"

ನನ್ನ ಮುಖ ನೋಡಿಯೇ ಹೆದರಿದ್ದ ಜನ ಒಂದು ಮಾತಿಗೂ ಎದುರಾಡಲಿಲ್ಲ. ಬ್ಯಾಡಗಿ ಎರಡು ದಿನ, ರಾಣೇಬೆನ್ನೂರು ಎರಡು ದಿನ, ಹಾವೇರಿ ಎರಡು ದಿನ. ವಾರವಿಡೀ ಏಕಾಂತಕ್ಕೆ ಅಲೆದರೂ ಆಗದ ಕೆಲಸ ಸಂತೆಯಂಥ ಜನದ ನಡುವೆ ಹತ್ತು ನಿಮಿಷಕ್ಕೆ ಮುಗಿಯಿತು. ಮಗಳು ರವಿವಾರದ ಖಾನೆಯಲ್ಲಿ "ಅಬ್ಬಾ ನಮ್ಮವರು" ಎಂದು ಬರೆದಳು. ಅದನ್ನು ಓದಿ ನನಗೆ ನಿಜವಾಗಿಯೇ ಕಣ್ಣು ತುಂಬಿತು.

ಬೀಜದ ಮಾಲೀಕರು ಅದನ್ನು ಕಂಡು, ಉಳಿದವರ ಮುಖ ನೋಡಿ, ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ರವಿವಾರ ಕೆಲಸ ಇಲ್ಲಂದ್ರ ನಿಮಗ ಬಿಕೋ ಅನ್ನಸ್ತೈತಿ, ನಮಗ ಗೊತ್ತೈತಿ ಸಾಹೇಬ್ರ. ಚಿಂತಿ ಮಾಡಬ್ಯಾಡ್ರಿ. ಮುಂಜಾನೇನ ನಾವೆಲ್ಲಾರೂ ಬಂದುಬಿಡ್ತೇವಿ."