ಸೇತುವೆಗೆ ಒಂದೇ ಕಡೆ ಮೆಟ್ಟಿಲು

ಎಲ್ಲ ರಗಳೆಗೂ ಕಾರಣ ಒಂದು ಚೀಟಿ. ಶಾಸನಸಭೆಯಲ್ಲಿ ಮಂತ್ರಿಗಳಿಗೆ ಪ್ರಶ್ನೆ ಕೇಳುವವರ ನೂಕುನುಗ್ಗಲು ಜಾಸ್ತಿ. ಅದಕ್ಕೇ ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಸರದಿ ಬಂದ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಒಂದು ಗಂಟೆ ಮುಗಿಯಿತೆಂದರೆ ಉಳಿದವಕ್ಕೆಲ್ಲ ಕಾಗದದಲ್ಲಿ ಉತ್ತರ. ಆ ಕಾಗದವನ್ನು ಕೇಳಿದವನ ಹೊರತು ಇನ್ನೊಬ್ಬ ಓದುವುದಿಲ್ಲ, ಕೆಲವು ಸಲ ಅವನೂ ಓದುವುದಿಲ್ಲ. ನಮ್ಮ ದೊಡ್ಡಳಿಯನ ಪ್ರಶ್ನೆಗಳು ಆರಿಸಿ ಬಂದ ದಿನದಿಂದ ಕಾಗದದಲ್ಲೇ ಮಲಗಿದ್ದವು. ಈ ಸಲ ಚೀಟಿ ಎತ್ತಿದಾಗ ಅವನದು ನಾಲ್ಕನೆಯದಾಗಿ ಬಂತು. ಮೂರನೆಯದು ಚಿಕ್ಕಳಿಯನದು.

ದೊಡ್ಡಳಿಯ, ಚಿಕ್ಕಳಿಯ ಎನ್ನುವುದು ಹೆಸರಲ್ಲ, ಅತ್ತೆಯ ಮನೆಯಲ್ಲಿ ಅವರಿಗಿರುವ ಹುದ್ದೆ. ಅಕ್ಕನ ಗಂಡ ಇವನು, ತಂಗಿಯ ಗಂಡ ಅವನು. ಷಡ್ಡಕರಿಬ್ಬರೂ ಶಾಸಕರು, ಇಬ್ಬರದೂ ವಿರೋಧ ಪಕ್ಷ, ಸದನದಲ್ಲಿ ಒಂದೇ ಬೆಂಚು. ಕ್ಷೇತ್ರಗಳೂ ಅಕ್ಕಪಕ್ಕ, ನಡುವೆ ಒಂದು ಕಾಲುವೆ. ಆ ಕಾಲುವೆಯ ಮೇಲೆ ಸರ್ಕಾರ ಎತ್ತರದ ಕಾಲುಸೇತುವೆ ಕಟ್ಟಿಸಿತ್ತು. ಚಿಕ್ಕಳಿಯನ ಕಡೆ ಮೆಟ್ಟಿಲು ಬಂತು, ದೊಡ್ಡಳಿಯನ ಕಡೆ ಬರಲಿಲ್ಲ. ಚಿಕ್ಕಳಿಯನ ಕಡೆಯ ಜನ ಸಂಜೆ ಹೊತ್ತು ಮೆಟ್ಟಿಲು ಹತ್ತಿ ಬಂದು, ಗಾಳಿ ಕುಡಿದು, ಈ ಕಡೆಯವರನ್ನು ಮೇಲಿನಿಂದ ನೋಡಿ, ಹತ್ತಿದ ದಾರಿಯಲ್ಲೇ ಇಳಿದು ಹೋಗುತ್ತಿದ್ದರು. ಈ ಕಡೆಯವರು ಕತ್ತೆತ್ತಿ ಅವರನ್ನು ನೋಡುತ್ತಿದ್ದರು, ಆಮೇಲೆ ಕತ್ತು ಇಳಿಸಿ ದೊಡ್ಡಳಿಯನನ್ನು ನೋಡುತ್ತಿದ್ದರು.

ದೊಡ್ಡಳಿಯನಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಚಿಕ್ಕಳಿಯನ ಗಂಟಲು ಕಂಡರೆ ಕಿಚ್ಚು, ತಲೆಗೂದಲು ಕಂಡರೆ ಕಿಚ್ಚು, ಅವನು ಕೆಮ್ಮಿದರೆ ಮೂರು ಕಡೆಯಿಂದ ನೀರಿನ ಲೋಟ ಬರುವುದು ಕಂಡರೆ ಇನ್ನೂ ಕಿಚ್ಚು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಮಂತ್ರಿಗಳನ್ನು ತರಾಟೆಗೆ ತೆಗೆದುಕೊಳ್ಳುವಾಗ ಅತ್ತೆಯ ಮನೆಯ ಹಾಲಿನಲ್ಲಿ ಟಿವಿ ಮುಂದೆ ಸೇರುವ ಜನ ಕಂಡರೆ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಆ ಹಾಲಿನಲ್ಲಿ ಆ ಜನರ ಮುಂದೆ ತಾನೂ ಟಿವಿಯಲ್ಲಿ ಎದ್ದು ನಿಲ್ಲಬೇಕು. ಅವನ ರಾಜಕೀಯದ ಗುರಿ ಈಗ ಅಷ್ಟಕ್ಕೇ ಇಳಿದಿತ್ತು.

ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು ಮಂತ್ರಿಯ ಕಡೆ ಕೈ ತೋರಿಸುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಅತ್ತೆಯ ಫೋನು ಬಂತು.

"ದೊಡ್ಡಳಿಯಂದ್ರೇ, ಇವತ್ತು ಚಿಕ್ಕಳಿಯಂದ್ರ ಪ್ರಶ್ನೆ ಇದೆಯಂತಲ್ಲ. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಿದೀನಿ."

"ನಂದೂ ಇದೆ ಅತ್ತೆ. ಅವನದು ಆದ ತಕ್ಷಣ ನಂದೇ."

"ಹೌದಾ, ಒಳ್ಳೇದಾಯ್ತು," ಎಂದರು ಅತ್ತೆ, ಬಸ್ಸು ಹೊರಟುಹೋಯಿತೆಂದು ಕೇಳಿದವರ ದನಿಯಲ್ಲಿ. "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಅವರು ಮಾತಾಡೋವಾಗ ನೀವು ಸ್ವಲ್ಪ ಬಗ್ಗಿ ಕೂತ್ಕೊಳ್ಳಿ. ಹೋದ ಸಲ ಅರ್ಧ ಹೊತ್ತು ನಿಮ್ಮ ತಲೆನೇ ಅಡ್ಡ ಬಂತು."

ಹೆಂಡತಿ ಸಮಾಧಾನ ಹೇಳಲು ಬಂದಳು. "ಅಮ್ಮನ ಮಾತಿಗೆ ಬೇಜಾರು ಮಾಡ್ಕೋಬೇಡಿ ರೀ. ನಾನೂ ಅಲ್ಲೇ ಕೂತು ನಿಮ್ಮದನ್ನ ನೋಡ್ತೀನಿ. ಆದ್ರೆ ಅವರು ಮುಗಿಸಿದ್ರೆ ತಾನೆ ನಿಮಗೆ ಬರೋದು."

ಸಮಾಧಾನ ಅಲ್ಲಿಗೇ ಮುಗಿಯಿತು. ಅವಳು ಹೇಳಿದ್ದು ನಿಜವೇ ಆಗಿತ್ತು. ಚಿಕ್ಕಳಿಯನ ಪ್ರಶ್ನೆ ಒಂದೇ ಇದ್ದರೂ ಅದರ ಹಿಂದೆ ಉಪಪ್ರಶ್ನೆಗಳು ಮದುವೆ ದಿಬ್ಬಣದ ಹಾಗೆ ಬರುತ್ತಿದ್ದವು. ಅವನು ಎದ್ದು ನಿಂತನೆಂದರೆ ಉಳಿದ ಗಂಟೆಯೆಲ್ಲ ಅವನದೇ.

ಸದನದಲ್ಲಿ ಕೂತ ಮೇಲೆ ಚಿಕ್ಕಳಿಯ ಪ್ರೀತಿಯಿಂದ ಇವನ ತೊಡೆ ತಟ್ಟಿದ. ಅವನ ದೊಡ್ಡ ದೋಷವೆಂದರೆ ಅವನು ಒಳ್ಳೆಯವನಾಗಿದ್ದ. ಮನಸಾರೆ ದ್ವೇಷಿಸಲು ಅವಕಾಶವನ್ನೇ ಕೊಡುತ್ತಿರಲಿಲ್ಲ.

"ಅಣ್ಣ, ನಿಮ್ಮದೂ ಇದೆಯಂತೆ. ನಾನು ಬೇಗ ಮುಗಿಸಿಬಿಡ್ತೀನಿ. ಹತ್ತೇ ಉಪಪ್ರಶ್ನೆ."

ಇನ್ನೊಂದು ಪಕ್ಕದಲ್ಲಿ ಕೂತಿದ್ದ ಹಿರಿಯ ಸದಸ್ಯರಿಗೆ ನಿದ್ದೆಪ್ಪ ಎಂದೇ ಹೆಸರು ಬಿದ್ದಿತ್ತು. ಅವರು ಕಣ್ಣು ತೆರೆಯದೆಯೇ ದೊಡ್ಡಳಿಯನ ಕಿವಿಯ ಕಡೆ ವಾಲಿದರು. ಬೇರೆಯವರ ವಿಷಯದಲ್ಲಿ ಮಾತ್ರ ಅವರಿಗೆ ಎಚ್ಚರ.

"ಅವನು ಬೇಗ ಮುಗಿಸ್ತಾನೆ ಅಂದ್ರೆ ಊಟದ ಹೊತ್ತಿಗೆ ಮುಗಿಸ್ತಾನೆ ಅಂತ. ನಿನ್ನ ಪ್ರಶ್ನೆ ಮತ್ತೆ ಕಾಗದಕ್ಕೇ."

"ಏನು ಮಾಡೋದು ಹೇಳಿ."

"ಕರೆದಾಗ ಅವನು ಸೀಟಲ್ಲಿ ಇಲ್ದಿದ್ರೆ ಪ್ರಶ್ನೆ ಬಿದ್ದು ಹೋಗುತ್ತೆ. ನಿಯಮ."

"ಅವನ ಪರವಾಗಿ ಇನ್ನೊಬ್ಬರು ಕೇಳಬಹುದಲ್ಲ."

"ಅವನು ಬರೆದುಕೊಟ್ಟು ಹೋಗಿದ್ರೆ ಮಾತ್ರ. ಅವಸರದಲ್ಲಿ ಎದ್ದು ಹೋದವನು ಎಲ್ಲಿ ಬರೆದುಕೊಡ್ತಾನೆ," ಎಂದು ಹೇಳಿ ನಿದ್ದೆಪ್ಪ ತಮ್ಮ ಕೆಲಸಕ್ಕೆ ಮರಳಿದರು. ಅವರ ಗೊರಕೆ ಶುರುವಾಯಿತು.

ದೊಡ್ಡಳಿಯ ಎದ್ದು ಹೊರಗಿನ ಮೊಗಸಾಲೆಗೆ ಬಂದ. ಆ ಆಲೋಚನೆ ತನ್ನದಲ್ಲ, ಹಿರಿಯರದು, ತಾನು ಬರೀ ಕೈಗೂಡಿಸುವವನು ಎಂದು ತನಗೆ ತಾನೇ ಹೇಳಿಕೊಂಡ. ಬಾಗಿಲ ಬಳಿ ಸದನದ ಜವಾನ ನಿಂತಿದ್ದ. ಒಳಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ಸದಸ್ಯರ ಮನೆಯ ಸುದ್ದಿಗಳನ್ನೆಲ್ಲ ಕಿವಿಗೆ ಮುಟ್ಟಿಸುವುದು ಅವನ ಕೆಲಸ.

"ನನ್ನ ಪಕ್ಕದ ಸೀಟಿನವರಿಗೆ ಒಂದು ವಿಷಯ ಹೇಳು. ಮನೆಯಿಂದ ಫೋನ್ ಬಂದಿತ್ತು, ಅವರ ಅತ್ತೆಗೆ ಹುಷಾರಿಲ್ಲ, ತಕ್ಷಣ ಬರಬೇಕಂತೆ ಅಂತ. ನಾನು ಹೇಳಿದ್ದು ಅಂತ ಹೇಳಬೇಡ, ಗಾಬರಿ ಆಗ್ತಾರೆ."

ಜವಾನ ತಲೆ ಕೆರೆದುಕೊಂಡ. "ಅವರ ಅತ್ತೆ ಅಂದ್ರೆ ನಿಮಗೂ ಅತ್ತೆ ಅಲ್ವಾ ಸಾರ್."

"ಹೌದು."

"ಹಾಗಾದ್ರೆ ನೀವು ಹೋಗಲ್ವಾ ಸಾರ್."

"ಇಬ್ಬರೂ ಹೋದ್ರೆ ಅವರಿಗೆ ಸುಸ್ತಾಗುತ್ತೆ. ಹೋಗಿ ಹೇಳು."

ಎರಡನೆಯ ಪ್ರಶ್ನೆ ನಡೆಯುತ್ತಿದ್ದಾಗ ಜವಾನ ಬಂದು ಚಿಕ್ಕಳಿಯನ ಕಿವಿಯಲ್ಲಿ ಪಿಸುಗುಟ್ಟಿದ. ಚಿಕ್ಕಳಿಯನ ಮುಖ ಬಿಳಿಚಿಕೊಂಡಿತು. ಅವನು ದೊಡ್ಡಳಿಯನ ಭುಜ ಹಿಡಿದ. ಮುಂದಿನ ಪ್ರಶ್ನೆ ಅವನದೆಂದು ಗೊತ್ತಿದ್ದ ಕ್ಯಾಮೆರಾ ಆಗಲೇ ಈ ಬೆಂಚಿನ ಕಡೆ ತಿರುಗಿ ಕಾಯುತ್ತಿತ್ತು.

"ಅಣ್ಣ, ಅತ್ತೆಗೆ ಹುಷಾರಿಲ್ವಂತೆ. ಏಳಿ, ಹೋಗೋಣ."

"ನೀನು ಹೋಗಿರು. ನಂದೊಂದು ಮುಗಿಸ್ಕೊಂಡು ಹಿಂದೆನೇ ಬಂದುಬಿಡ್ತೀನಿ."

ಚಿಕ್ಕಳಿಯ ಕಾಗದ ಪತ್ರಗಳನ್ನು ಅಲ್ಲೇ ಬಿಟ್ಟು ಓಡಿದ. ದೊಡ್ಡಳಿಯನ ಮುಖದಲ್ಲಿ ನಗು ಬಂತು. ಕರವಸ್ತ್ರದಿಂದ ಒತ್ತಿ ಹಿಡಿದ. ಅದು ಕರವಸ್ತ್ರದ ಎರಡೂ ಪಕ್ಕದಿಂದ ಹೊರಗೆ ಬಂತು.

ಸಭಾಧ್ಯಕ್ಷರು ಮೂರನೆಯ ಪ್ರಶ್ನೆ ಕರೆದರು. ಖಾಲಿ ಸೀಟು. "ಸದಸ್ಯರು ಗೈರುಹಾಜರು. ಮುಂದಿನದು."

ದೊಡ್ಡಳಿಯ ಎದ್ದು ನಿಂತ. ಮೈಕಿನ ಕೆಂಪು ದೀಪ ಹತ್ತಿತು, ಆದರೆ ಹತ್ತಿದ್ದು ಚಿಕ್ಕಳಿಯನ ಮೈಕಿನದು. ಈ ಬೆಂಚೆಂದರೆ ಆ ಗುಂಡಿಯೇ ಎಂದು ಮೈಕು ನೋಡಿಕೊಳ್ಳುವವನ ಬೆರಳಿಗೆ ಅಭ್ಯಾಸವಾಗಿಹೋಗಿತ್ತು. ದೊಡ್ಡಳಿಯ ಪಕ್ಕದ ಸೀಟಿನ ಮೇಲೆ ಬಾಗಿ, ಆ ಮೈಕಿನಲ್ಲೇ ತನ್ನ ಪ್ರಶ್ನೆಯ ಸಂಖ್ಯೆ ಹೇಳಿದ.

"ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ. ಸೇತುವೆ ಪೂರ್ಣಗೊಂಡಿದೆ," ಎಂದರು ಲೋಕೋಪಯೋಗಿ ಮಂತ್ರಿ, ಅರ್ಧ ಎದ್ದು ಪೂರ್ತಿ ಕೂತು.

"ಪೂರ್ಣ ಆಗಿದೆ ಅಂತೀರಿ. ನಮ್ಮ ಕಡೆ ಮೆಟ್ಟಿಲೇ ಇಲ್ಲ. ಸೇತುವೆ ಮೇಲೆ ಬಂದವರು ಇಳಿಯೋದು ಹೇಗೆ ಸ್ವಾಮಿ?"

"ಹತ್ತಿದ ಕಡೆಯಿಂದಲೇ ಇಳಿಯಬಹುದು."

ಸದನ ನಕ್ಕಿತು. ಆ ನಗುವಿನಲ್ಲಿ ದೊಡ್ಡಳಿಯನಿಗೆ ಏನೋ ಆಯಿತು. ಇಷ್ಟು ಕಾಲ ಒಳಗೇ ಕುದಿದದ್ದು ಉಕ್ಕಿ ಬಂತು.

"ಹಾಗಾದ್ರೆ ಅದು ಸೇತುವೆ ಅಲ್ಲ ಸಭಾಧ್ಯಕ್ಷರೇ, ಅಟ್ಟ. ಅಟ್ಟ ಕಟ್ಟಿಸೋದಕ್ಕೆ ಕಾಲುವೆ ಯಾಕೆ ಬೇಕಿತ್ತು?"

ಈಗ ಸದನ ನಕ್ಕಿದ್ದು ಮಂತ್ರಿಯನ್ನು ನೋಡಿ. ಮಂತ್ರಿ ಪೂರ್ತಿ ಎದ್ದರು. "ಎರಡನೇ ಹಂತದಲ್ಲಿ ಪರಿಶೀಲನೆಯ ಬಗ್ಗೆ ಪರಿಶೀಲಿಸಲು..."

"ಪರಿಶೀಲನೆ ಬೇಡ. ಮಾನ್ಯ ಮಂತ್ರಿಗಳು ಒಂದು ಸಲ ಬರಲಿ. ಆ ಕಡೆ ಹತ್ತಿ, ನಮ್ಮ ಕಡೆ ಇಳಿದು ತೋರಿಸಲಿ. ಕೆಳಗೆ ಜಮಖಾನ ಹಿಡ್ಕೊಂಡು ನಾನೇ ನಿಂತಿರ್ತೀನಿ."

ಆಡಳಿತ ಪಕ್ಷದವರೂ ಮೇಜು ಕುಟ್ಟಿದರು. ನಿದ್ದೆಪ್ಪ ಎದ್ದು ಕೂತು, ಯಾಕೆಂದು ಗೊತ್ತಿಲ್ಲದೆ ತಾವೂ ಕುಟ್ಟಿದರು. ಮಂತ್ರಿ ಹಿಂದೆ ತಿರುಗಿ ಅಧಿಕಾರಿಗಳನ್ನು ನೋಡಿದರು, ಅಧಿಕಾರಿಗಳು ತಮ್ಮ ಬೂಟುಗಳನ್ನು ನೋಡಿದರು. ಕೊನೆಗೆ ಮಂತ್ರಿ, "ಮಾಹಿತಿ ತರಿಸಿಕೊಂಡು ನಾಳೆ ಖಚಿತ ಉತ್ತರ ಕೊಡುತ್ತೇನೆ," ಎಂದರು. ನಾಳೆ ಮೊದಲು ಇದನ್ನೇ ತೆಗೆದುಕೊಳ್ಳುವುದಾಗಿ ಸಭಾಧ್ಯಕ್ಷರು ಹೇಳಿದರು.

ದೊಡ್ಡಳಿಯ ಅತ್ತೆಯ ಮನೆಗೆ ಹೊರಟಾಗ ಅವನ ಎದೆ ಅಂಗಿಯ ಗುಂಡಿಗಳಿಗೆ ಭಾರವಾಗಿತ್ತು. ಹಾಲಿನ ತುಂಬ ಜನ, ಟಿವಿಯಲ್ಲಿ ತಾನು, ಅತ್ತೆಯ ಕಣ್ಣಲ್ಲಿ ನೀರು. ಹುಷಾರಿಲ್ಲ ಎಂಬ ಸುದ್ದಿಗೆ, ಯಾರೋ ತಪ್ಪು ಹೇಳಿರಬೇಕು ಎಂದರಾಯಿತು.

ಹಾಲಿನ ತುಂಬ ಜನ ಇದ್ದದ್ದು ನಿಜ. ಆದರೆ ಟಿವಿ ಆರಿಸಿದ್ದರು. ಅತ್ತೆ ಸೋಫಾದ ಮೇಲೆ ದಿಂಬಿಗೆ ಒರಗಿ ಮಲಗಿದ್ದರು. ಚಿಕ್ಕಳಿಯ ಅವರ ಪಾದದ ಬಳಿ ಕೂತು ಬಿಸಿನೀರಿನ ಚೀಲ ಹಿಡಿದಿದ್ದ. ಪಕ್ಕದ ಮನೆಯಾಕೆ ಬೀಸಣಿಗೆ ಬೀಸುತ್ತಿದ್ದರು.

"ಏನಾಯ್ತು," ಎಂದ ದೊಡ್ಡಳಿಯ. ಈ ಸಲ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಈಗ ಬಂದ್ರಾ," ಎಂದಳು ಹೆಂಡತಿ. ಆ ಎರಡು ಪದದಲ್ಲಿ ಅವನ ಅಂಗಿಯ ಗುಂಡಿಗಳು ಸಡಿಲವಾದವು.

ಅತ್ತೆ ನಿಧಾನವಾಗಿ ಕಣ್ಣು ಬಿಟ್ಟರು. "ನಾನು ಚೆನ್ನಾಗೇ ಇದೀನಿ ಅಂದ್ಕೊಂಡಿದ್ದೆ. ಚಿಕ್ಕಳಿಯಂದ್ರು ಓಡಿ ಬಂದು, ಕೈ ಹಿಡಿದು, ಹೇಗಿದೀರಿ ಅಂದ್ರಲ್ಲ, ಆಮೇಲೆ ನೋಡಿ, ತಲೆ ಸುತ್ತು, ಕೈಕಾಲು ಸೋಲು, ಎಲ್ಲ ಶುರು. ಡಾಕ್ಟರ್ ಬಂದು ನೋಡಿದ್ರೆ ರಕ್ತದೊತ್ತಡ ಜಾಸ್ತಿ. ಸರಿಯಾದ ಹೊತ್ತಿಗೆ ಕರೆಸಿದ್ರಿ, ಆ ಟಿವಿ ಮೊದಲು ಆರಿಸಿ ಅಂದ್ರು."

"ಹಾಗಾದ್ರೆ ನನ್ನ ಪ್ರಶ್ನೆ..."

"ಯಾರು ನೋಡಿದ್ರು ನಿಮ್ಮ ಪ್ರಶ್ನೇನ," ಎಂದಳು ಹೆಂಡತಿ. "ನಾವು ನೋಡಿದ್ದು ಬೇರೆ. ಇವರು ನಿಮ್ಮ ಭುಜ ಹಿಡಿದು ಏನೋ ಹೇಳಿದ್ರು, ಎದ್ದು ಓಡಿದ್ರು. ನೀವು ಅಲ್ಲೇ ಕೂತು ನಕ್ರಿ. ಆಮೇಲೆ ಇವರಿಗೆ ಏನಾಯ್ತೋ ಅಂತ ಎಲ್ಲರೂ ಬೀದಿ ಬಾಗಿಲಲ್ಲೇ ನಿಂತಿದ್ವಿ, ಟಿವಿ ಕಡೆ ಯಾರೂ ತಿರುಗಲಿಲ್ಲ. ಇವರು ಬಂದು ಏನು ಹೇಳಿದ್ದು ಅಂತ ತಿಳಿಸಿದ ಮೇಲೆ ನನಗೆ ತಲೆ ಎತ್ತೋಕೆ ಆಗ್ಲಿಲ್ಲ. ಇಷ್ಟು ಜನದ ಮುಂದೆ."

ಇಷ್ಟು ಜನ ಒಟ್ಟಾಗಿ ದೊಡ್ಡಳಿಯನನ್ನು ನೋಡಿದರು. ಅವನು ಬಯಸಿದ್ದು ಇದೇ ಹಾಲಿನಲ್ಲಿ, ಇದೇ ಜನ ತನ್ನನ್ನು ಹೀಗೇ ಕಣ್ಣು ಕೀಳದೆ ನೋಡಬೇಕೆಂದು.

"ಬಿಡಿ ಅಕ್ಕ, ಅಣ್ಣನಿಗೆ ಗಾಬರಿಯಾದಾಗ ಮುಖ ಹಾಗಾಗುತ್ತೆ," ಎಂದ ಚಿಕ್ಕಳಿಯ. ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

"ಪಾಪ, ತಮ್ಮ ಪ್ರಶ್ನೆ ಹಾಳಾದ್ರೂ ಪರವಾಗಿಲ್ಲ ಅಂತ ಓಡಿ ಬಂದ್ರು," ಎಂದರು ಅತ್ತೆ. "ಆದ್ರೆ ಸುದ್ದಿ ಮುಟ್ಟಿಸಿದ್ದು ಯಾರೋ ಗೊತ್ತಾಗ್ತಿಲ್ಲ. ಇಲ್ಲಿಂದ ಯಾರೂ ಫೋನ್ ಮಾಡಿಲ್ಲ. ನನಗೇ ಗೊತ್ತಿಲ್ಲದ ಕಾಯಿಲೆ ಯಾವನೋ ಪುಣ್ಯಾತ್ಮನಿಗೆ ಗೊತ್ತಾಗಿದೆ. ಅವನು ಎಲ್ಲೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ."

ಆ ಪುಣ್ಯಾತ್ಮ ಬಾಯಿ ತೆರೆದ, ಮತ್ತೆ ಮುಚ್ಚಿದ. ತೆರೆದರೆ ಸುಳ್ಳುಗಾರ, ಮುಚ್ಚಿದರೆ ಕಲ್ಲೆದೆಯವನು. ಅವನ ಹೊಟ್ಟೆ ತಣ್ಣಗಿರಲಿಲ್ಲ.

"ಬೆಳಗಿನ ಹೊತ್ತು ಅಮ್ಮನ್ನ ಒಬ್ಬರನ್ನೇ ಬಿಡಬಾರದಂತೆ," ಎಂದಳು ಹೆಂಡತಿ. "ಯಾರಾದ್ರೂ ಇರಬೇಕು."

"ದೊಡ್ಡಳಿಯಂದ್ರೇ ಇರಲಿ," ಎಂದರು ಅತ್ತೆ. "ಹೇಗೂ ಅಲ್ಲಿ ಸುಮ್ಮನೆ ಕೂತಿರ್ತಾರೆ, ಇಲ್ಲಿ ಕೂತ್ಕೊಳ್ಳಲಿ."

"ಅತ್ತೆ, ನಾಳೆ ನನಗೆ ಮಂತ್ರಿಗಳು ಉತ್ತರ ಕೊಡೋದಿದೆ. ಇವತ್ತು ಅವರನ್ನ ಹೇಗೆ ಹಿಡಿದೆ ಗೊತ್ತಾ..."

ಮುಂದೆ ಹೇಳಲು ಹೆಂಡತಿಯ ಮುಖ ಬಿಡಲಿಲ್ಲ. ಚಿಕ್ಕಳಿಯ ಬಿಸಿನೀರಿನ ಚೀಲ ಇಟ್ಟು ಎದ್ದು ಬಂದ. ಮತ್ತೆ ಇವನ ಭುಜ ಹಿಡಿದ.

"ಅಣ್ಣ, ನೀವು ಯೋಚನೆ ಮಾಡಬೇಡಿ. ನನಗೆ ಒಂದು ಸಾಲು ಬರೆದುಕೊಡಿ. ನಿಮ್ಮ ಪರವಾಗಿ ನಾನು ಕೇಳ್ತೀನಿ."

ಅಷ್ಟು ಜನ ನೋಡುತ್ತಿರುವಾಗ ಬೇಡವೆನ್ನುವುದು ಹೇಗೆ? ಪಕ್ಕದ ಮನೆಯಾಕೆಯೇ ಪೆನ್ನು ತಂದುಕೊಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಎದ್ದು ಕೂತಿದ್ದರು. ಟಿವಿ ಆರಿಸಲು ಡಾಕ್ಟರು ಹೇಳಿದ್ದು ನಿನ್ನೆಗೆ ಮಾತ್ರ ಎಂಬುದು ಅವರ ತೀರ್ಮಾನ. ನೆರೆಹೊರೆಯವರೆಲ್ಲ ಬಂದು ಸೋಫಾದ ಹಿಂದೆ ಕುರ್ಚಿ ಹಾಕಿಕೊಂಡರು. ದೊಡ್ಡಳಿಯ ಸೋಫಾದಲ್ಲಿ ಅತ್ತೆಯ ಪಕ್ಕ, ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ.

ಟಿವಿಯಲ್ಲಿ ಚಿಕ್ಕಳಿಯ ಎದ್ದು ನಿಂತ. ಪಕ್ಕದ ಸೀಟು ಖಾಲಿ ಇದ್ದುದರಿಂದ ಇಂದು ಯಾರ ತಲೆಯೂ ಅಡ್ಡ ಬರಲಿಲ್ಲ. ಅತ್ತೆಯ ಸೇವೆಯಲ್ಲಿರುವ ತನ್ನ ಅಣ್ಣನ ಪರವಾಗಿ ಕೇಳುತ್ತಿದ್ದೇನೆ ಎಂದಾಗ ಅವನಿಗೆ ಸ್ವಲ್ಪ ಕೆಮ್ಮು ಬಂತು, ಮೂರು ಕಡೆಯಿಂದ ನೀರಿನ ಲೋಟ ಬಂತು. ಮಂತ್ರಿ ತಕ್ಷಣ ಎದ್ದು, ಮಾನ್ಯ ಸದಸ್ಯರ ಒತ್ತಾಯಕ್ಕೆ ಮಣಿದು ಮೆಟ್ಟಿಲಿಗೆ ಈಗಲೇ ಮಂಜೂರಾತಿ ಕೊಟ್ಟಿದ್ದೇನೆ ಎಂದರು. ಸದನದಲ್ಲೂ ಹಾಲಿನಲ್ಲೂ ಚಪ್ಪಾಳೆ ಬಿತ್ತು.

ಅತ್ತೆ ಕಣ್ಣೊರೆಸಿಕೊಂಡರು. "ನೋಡಿದ್ರಾ, ಕೊನೆಗೆ ನಿಮ್ಮ ಮೆಟ್ಟಿಲನ್ನೂ ಅವರೇ ಕಟ್ಟಿಸಬೇಕಾಯ್ತು."

ದೊಡ್ಡಳಿಯ ಏನೋ ಹೇಳಲು ನೆಟ್ಟಗೆ ಕೂತ.

"ದೊಡ್ಡಳಿಯಂದ್ರೇ," ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ. "ಸ್ವಲ್ಪ ಬಗ್ಗಿ ಕೂತ್ಕೊಳ್ಳಿ. ಹಿಂದಿನವರಿಗೆ ಕಾಣ್ತಿಲ್ಲ."

ದೊಡ್ಡಳಿಯ ಬಗ್ಗಿ ಕೂತ.